ಮೂರು ದಿನದಲ್ಲಿ ಬಿದ್ದ ಮದ್ರಾಸು: ವಸಾಹತು ಬಂದರುಗಳನ್ನು ಯುರೋಪಿಯನ್ನರು ಪರಸ್ಪರ ಕಸಿದುಕೊಂಡ ಬಗೆ

1746ರ ಸೆಪ್ಟೆಂಬರ್ 21ರಂದು ಮದ್ರಾಸಿನ ಸೇಂಟ್ ಜಾರ್ಜ್ ಕೋಟೆಯ ಮೇಲಿದ್ದ ಇಂಗ್ಲಿಷ್ ಬಾವುಟ ಇಳಿದು ಫ್ರೆಂಚ್ ಬಾವುಟ ಏರಿತು. ಕೋರಮಂಡಲ ಕರಾವಳಿಯಲ್ಲಿ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಗೆ ಅದಕ್ಕಿಂತ ಮುಖ್ಯವಾದ ಊರು ಇರಲಿಲ್ಲ. ಅದು ನೂರು ವರ್ಷಕ್ಕೂ ಹಳೆಯ ನೆಲೆ. ಆದರೂ ಫಿರಂಗಿಗಳು ಹಾರಿದ್ದು ಮೂರೇ ದಿನ. ಇಂಗ್ಲಿಷರ ಕಡೆ ಸತ್ತವರು ಐದಾರು ಮಂದಿ. ಫ್ರೆಂಚರು ಶತ್ರುವಿನ ಗುಂಡಿಗೆ ಯಾರನ್ನೂ ಕಳೆದುಕೊಳ್ಳಲಿಲ್ಲ ಎಂದೇ ಆ ಕಾಲದ ವರದಿಗಳು ಹೇಳುತ್ತವೆ. ಮೂರು ವರ್ಷ ಕಳೆದ ಮೇಲೆ ಅದೇ ಊರು ಒಂದು ಗುಂಡೂ ಹಾರದೆ ಇಂಗ್ಲಿಷರಿಗೆ ಮರಳಿತು. ಅದಕ್ಕೆ ಬದಲಾಗಿ ಫ್ರೆಂಚರಿಗೆ ಸಿಕ್ಕಿದ್ದು ಉತ್ತರ ಅಮೆರಿಕದ ಮಂಜು ಕವಿದ ಕರಾವಳಿಯ ಒಂದು ಕೋಟೆ.

ಹೀಗೆ ಸುಲಭವಾಗಿ ಬೀಳುವ, ಇನ್ನೂ ಸುಲಭವಾಗಿ ಕೈಬದಲಾಗುವ ಊರುಗಳು ಹದಿನೇಳು ಮತ್ತು ಹದಿನೆಂಟನೆಯ ಶತಮಾನಗಳಲ್ಲಿ ಪ್ರಪಂಚದ ಎಲ್ಲ ಕಡಲುಗಳ ದಡದಲ್ಲೂ ಇದ್ದವು. ಹವಾನಾ, ಮನಿಲಾ, ಮಲಕ್ಕಾ, ಕೊಚ್ಚಿ, ಪುದುಚೇರಿ, ಕೊಲಂಬೊ ಎಲ್ಲವೂ ಒಬ್ಬ ಯುರೋಪಿಯನ್ನನಿಂದ ಇನ್ನೊಬ್ಬನ ಕೈಗೆ ದಾಟಿದವು. ಶಾಲೆಯ ಪಾಠಗಳಲ್ಲಿ ಇವೆಲ್ಲ ಶೂರರ ಮತ್ತು ಹೇಡಿಗಳ ಕಥೆಗಳಾಗಿ ಬರುತ್ತವೆ. ಹತ್ತಿರದಿಂದ ನೋಡಿದರೆ ಶೌರ್ಯದ ಪಾಲು ಅಲ್ಲಿ ಕಡಿಮೆ. ಗಾಳಿ ಯಾವ ತಿಂಗಳು ಯಾವ ಕಡೆಗೆ ಬೀಸುತ್ತದೆ, ಯುದ್ಧದ ಸುದ್ದಿ ಯಾರಿಗೆ ಮೊದಲು ಮುಟ್ಟುತ್ತದೆ, ಗೆದ್ದ ಊರಿನಿಂದ ಎಷ್ಟು ಹಣ ಹುಟ್ಟುತ್ತದೆ ಎಂಬ ಮೂರು ಲೆಕ್ಕಗಳೇ ಬಹುಪಾಲು ತೀರ್ಮಾನಗಳನ್ನು ಮಾಡಿದವು. ಮದ್ರಾಸಿನ ಪ್ರಕರಣದಲ್ಲಿ ಈ ಮೂರೂ ಎದ್ದು ಕಾಣುತ್ತವೆ.

ತಾರೀಖುಗಳ ಬಗ್ಗೆ ಒಂದು ಮಾತು. ಇಂಗ್ಲಿಷ್ ದಾಖಲೆಗಳಲ್ಲಿ ಮದ್ರಾಸು ಬಿದ್ದ ದಿನ ಸೆಪ್ಟೆಂಬರ್ 10. ಬ್ರಿಟನ್ 1752ರ ತನಕ ಹಳೆಯ ಜೂಲಿಯನ್ ಪಂಚಾಂಗವನ್ನೇ ಇಟ್ಟುಕೊಂಡಿತ್ತು, ಅದು ಫ್ರೆಂಚರ ಪಂಚಾಂಗಕ್ಕಿಂತ 11 ದಿನ ಹಿಂದಿತ್ತು. ಒಂದೇ ಮರಳ ದಂಡೆಯಲ್ಲಿ ಹೊಡೆದಾಡುತ್ತಿದ್ದವರಿಗೆ ಎರಡು ತಾರೀಖು! ಇಲ್ಲಿ ಮದ್ರಾಸಿನ ಪ್ರಸಂಗಕ್ಕೆ ಫ್ರೆಂಚರ ಲೆಕ್ಕವನ್ನು, ಅಂದರೆ ಇಂದು ನಾವು ಬಳಸುವ ಲೆಕ್ಕವನ್ನು ಅನುಸರಿಸಿದ್ದೇನೆ.

ಮೊದಲು ಊರನ್ನು ನೋಡೋಣ. 1639ರಲ್ಲಿ ವಿಜಯನಗರದ ಅರವೀಡು ಅರಸರ ಅಧೀನದಲ್ಲಿದ್ದ ದಾಮರ್ಲ ವೆಂಕಟಪ್ಪ ನಾಯಕನಿಂದ ಕಂಪನಿಯವರು ಪಡೆದದ್ದು ಒಂದು ಉದ್ದನೆಯ ಮರಳ ಪಟ್ಟಿ. ಅಲ್ಲಿ ಬಂದರು ಎನ್ನುವಂಥದ್ದೇನೂ ಇರಲಿಲ್ಲ. ಹಡಗುಗಳು ದಡದಿಂದ ದೂರ, ತೆರೆದ ಕಡಲಿನಲ್ಲೇ ಲಂಗರು ಹಾಕಬೇಕಿತ್ತು. ದಡಕ್ಕೆ ಬಂದು ಬಡಿಯುವ ಅಲೆಗಳ ಸಾಲನ್ನು ಯುರೋಪಿನ ದೋಣಿಗಳು ದಾಟಲಾರವು. ಮೊಳೆ ಬಳಸದೆ ಹಲಗೆಗಳನ್ನು ಹುರಿಯಿಂದ ಹೊಲಿದು ಕಟ್ಟಿದ ಮಸೂಲಾ ದೋಣಿಗಳಲ್ಲಿ ಸ್ಥಳೀಯ ಅಂಬಿಗರೇ ಜನರನ್ನೂ ಸರಕನ್ನೂ ಸಾಗಿಸುತ್ತಿದ್ದರು. ಕಟ್ಟಿಸಿದ ಬಂದರು ಮದ್ರಾಸಿಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ.

ಇಂಥ ಜಾಗದಲ್ಲಿ ಕೋಟೆ ಏಕೆ ಎಂದರೆ ಬಟ್ಟೆಗಾಗಿ. ಸುತ್ತಲಿನ ನೇಕಾರರ ಹತ್ತಿ ಬಟ್ಟೆಗೆ ಯುರೋಪಿನಲ್ಲೂ ಆಗ್ನೇಯ ಏಷ್ಯಾದಲ್ಲೂ ಬೇಡಿಕೆಯಿತ್ತು. ಕೋಟೆ ಎಂದರೆ ಬಟ್ಟೆ, ಬೆಳ್ಳಿ ಮತ್ತು ಲೆಕ್ಕದ ಪುಸ್ತಕಗಳನ್ನು ಇಡುವ ಗೋದಾಮಿಗೆ ಹಾಕಿದ ಗೋಡೆ. ಒಳಗೆ ಇಂಗ್ಲಿಷರ ಬಿಳಿಯ ಪಟ್ಟಣ. ಅದರ ಉತ್ತರಕ್ಕೆ ವರ್ತಕರು, ದುಬಾಶಿಗಳು, ಕುಶಲಕರ್ಮಿಗಳು ವಾಸವಿದ್ದ, ಇಂಗ್ಲಿಷರು ಕರಿಯ ಪಟ್ಟಣ ಎಂದು ಕರೆಯುತ್ತಿದ್ದ ದೊಡ್ಡ ಬಸ್ತಿ. ಕೋಟೆಗೋಡೆ ತೆಳುವಾಗಿತ್ತು. ಹೊರಗೆ ಮುಂಚಾಚಿದ ರಕ್ಷಣಾ ಕಟ್ಟಡಗಳಿರಲಿಲ್ಲ. ಕರಿಯ ಪಟ್ಟಣದ ಮನೆಗಳು ಗೋಡೆಗೆ ಅಂಟಿಕೊಂಡೇ ಎದ್ದಿದ್ದವು. ಲಂಡನ್ನಿನ ನಿರ್ದೇಶಕರಿಗೆ ಗೋಡೆ ಎಂದರೆ ಖರ್ಚು, ಸೈನಿಕರೆಂದರೆ ಇನ್ನೂ ಖರ್ಚು. 1746ರಲ್ಲಿ ಊರಿನಲ್ಲಿದ್ದ ಇಂಗ್ಲಿಷ್ ಗಂಡಸರು ಸುಮಾರು 300, ಅವರಲ್ಲಿ ಸೈನಿಕರು ಸುಮಾರು 200. ಗವರ್ನರ್ ನಿಕೊಲಾಸ್ ಮೋರ್ಸ್ ಕಂಪನಿಯ ವ್ಯಾಪಾರಿ ನೌಕರ, ದಂಡನಾಯಕನಲ್ಲ.

ಇಷ್ಟು ದಿನ ಇದೇ ಸಾಕಾಗಿತ್ತು, ಏಕೆಂದರೆ ಯುರೋಪಿನಲ್ಲಿ ಯುದ್ಧವಾದಾಗಲೆಲ್ಲ ಇಲ್ಲಿನ ಕಂಪನಿಗಳು ಹೊಡೆದಾಡಲೇಬೇಕೆಂದಿರಲಿಲ್ಲ. ವ್ಯಾಪಾರ ಕೆಟ್ಟರೆ ಇಬ್ಬರಿಗೂ ನಷ್ಟ. ಆಸ್ಟ್ರಿಯದ ಸಿಂಹಾಸನಕ್ಕಾಗಿ 1740ರಲ್ಲಿ ಶುರುವಾದ ಜಗಳದಲ್ಲಿ ಫ್ರಾನ್ಸ್ ಮತ್ತು ಬ್ರಿಟನ್ 1744ರಲ್ಲಿ ಪರಸ್ಪರ ಯುದ್ಧ ಸಾರಿದವು. ಪುದುಚೇರಿಯ ಫ್ರೆಂಚ್ ಗವರ್ನರ್ ಡೂಪ್ಲೆ ಮದ್ರಾಸಿಗೆ ಪತ್ರ ಬರೆದು, ಇಲ್ಲಿ ನಾವು ತಟಸ್ಥರಾಗಿರೋಣ ಎಂದು ಕೇಳಿಕೊಂಡ. ನಮ್ಮ ಮಟ್ಟಿಗೆ ಸರಿ, ಆದರೆ ರಾಜನ ನೌಕಾಪಡೆ ನಮ್ಮ ಮಾತು ಕೇಳುವುದಿಲ್ಲ ಎಂಬ ಅರ್ಥದ ಉತ್ತರ ಬಂತು. ಅದು ಸುಳ್ಳಲ್ಲ. ಕಮೊಡೋರ್ ಕರ್ಟಿಸ್ ಬಾರ್ನೆಟ್‌ನ ಕೈಕೆಳಗೆ ಬಂದ ಬ್ರಿಟಿಷ್ ಯುದ್ಧನೌಕೆಗಳು ಪೂರ್ವ ಸಮುದ್ರಗಳಲ್ಲಿ ಫ್ರೆಂಚ್ ವ್ಯಾಪಾರಿ ಹಡಗುಗಳನ್ನು ಒಂದೊಂದಾಗಿ ಹಿಡಿಯತೊಡಗಿದವು. ಅವುಗಳಲ್ಲಿ ಫ್ರೆಂಚ್ ಅಧಿಕಾರಿಗಳ ಸ್ವಂತ ಬಂಡವಾಳವೂ ಇತ್ತು. ದೊರೆಯ ಗೌರವಕ್ಕಿಂತ ಹೆಚ್ಚಾಗಿ ಈ ನಷ್ಟವೇ ಡೂಪ್ಲೆಯನ್ನು ಕೆರಳಿಸಿತು ಎಂದು ನನ್ನ ಅನಿಸಿಕೆ.

ಪುದುಚೇರಿಯ ಮೇಲೆ ಬಾರ್ನೆಟ್ ಎರಗದಂತೆ ತಡೆದದ್ದು ಆರ್ಕಾಟಿನ ನವಾಬ ಅನ್ವರುದ್ದೀನ್. ಇದು ಗಮನಿಸಬೇಕಾದ ಸಂಗತಿ. ನನ್ನ ನೆಲದಲ್ಲಿ ಕಾದಾಡಕೂಡದು ಎಂದು ಅವನು ಆಜ್ಞೆ ಮಾಡಿದ, ಇಂಗ್ಲಿಷರು ಕೇಳಿದರು. ಆ ಹೊತ್ತಿಗೆ ಕರಾವಳಿಯ ಯುರೋಪಿಯನ್ನರೆಲ್ಲ ಲೆಕ್ಕಕ್ಕೆ ನವಾಬನ ಬಾಡಿಗೆದಾರರು.

ಫ್ರೆಂಚರ ಬಳಿ ಈ ಕಡಲಿನಲ್ಲಿ ಯುದ್ಧನೌಕೆಗಳಿರಲಿಲ್ಲ. ಆ ಕೊರತೆಯನ್ನು ತುಂಬಿದವನು ಮಾರಿಷಸ್ಸಿನ ಗವರ್ನರ್ ಬೆರ್ತ್ರಾಂ ಫ್ರಾಂಸ್ವಾ ಮಾಹೆ ದ ಲಾ ಬೂರ್ದೊನೆ. ಫ್ರಾನ್ಸಿನ ಸೇಂಟ್ ಮಾಲೊ ಎಂಬ ನಾವಿಕರ ಊರಿನವನು. ಮಾರಿಷಸ್ ಆಗ ಇಲ್ ದ ಫ್ರಾನ್ಸ್ ಎಂಬ ಹೆಸರಿನ ಫ್ರೆಂಚ್ ದ್ವೀಪ. 1735ರಿಂದ ಅಲ್ಲಿದ್ದ ಅವನು ಹಡಗು ದುರಸ್ತಿಯ ಕಟ್ಟೆ, ಆಸ್ಪತ್ರೆ, ಗೋದಾಮು ಕಟ್ಟಿಸಿ ಪೋರ್ಟ್ ಲೂಯಿಯನ್ನು ನಿಜವಾದ ನೌಕಾನೆಲೆ ಮಾಡಿದ್ದ. ತನ್ನ ದ್ವೀಪಕ್ಕೆ ಬಂದ ಕಂಪನಿಯ ವ್ಯಾಪಾರಿ ಹಡಗುಗಳನ್ನು ತಡೆದು ನಿಲ್ಲಿಸಿ, ಅವಕ್ಕೆ ಫಿರಂಗಿ ಹೊರಿಸಿ, ನಾವಿಕರ ಜೊತೆಗೆ ಆಫ್ರಿಕಾದ ಗುಲಾಮರನ್ನೂ ತರಬೇತು ಮಾಡಿ ಒಂದು ಪಡೆ ಕಟ್ಟಿದ. ದಾರಿಯಲ್ಲಿ ಬಿರುಗಾಳಿಗೆ ಸಿಕ್ಕು ಮಡಗಾಸ್ಕರಿನಲ್ಲಿ ನಿಂತು, ಕಾಡಿನ ಮರ ಕಡಿಸಿ ಹಡಗುಗಳನ್ನು ರಿಪೇರಿ ಮಾಡಿಸಿದ. ಒಂಬತ್ತು ಹಡಗುಗಳಲ್ಲಿ ನಿಜವಾದ ಯುದ್ಧನೌಕೆ ಎನ್ನಬಹುದಾದದ್ದು ಆಶಿಲ್ ಒಂದೇ. ಇಡೀ ಪ್ರಕರಣದಲ್ಲಿ ಮೆಚ್ಚಬೇಕಾದ ಕೆಲಸ ಯಾವುದಾದರೂ ಇದ್ದರೆ ಈ ತಯಾರಿಯೇ.

1746ರ ಜುಲೈ 6ರಂದು ನಾಗಪಟ್ಟಣದ ಎದುರಿನ ಕಡಲಿನಲ್ಲಿ ಈ ಪಡೆಗೂ ಇಂಗ್ಲಿಷ್ ಪಡೆಗೂ ಕಾಳಗವಾಯಿತು. ಬಾರ್ನೆಟ್ ಅಷ್ಟರಲ್ಲಿ ಕಾಯಿಲೆಯಿಂದ ತೀರಿಕೊಂಡಿದ್ದ, ಅಧಿಕಾರ ಎಡ್ವರ್ಡ್ ಪೇಟನ್‌ನ ಕೈಯಲ್ಲಿತ್ತು. ಕಾಳಗದಲ್ಲಿ ಯಾರೂ ಸೋಲಲಿಲ್ಲ, ಯಾರೂ ಗೆಲ್ಲಲಿಲ್ಲ. ಆದರೆ ಮರುದಿನ ಪೇಟನ್ ತನ್ನ ಹಡಗುಗಳೊಡನೆ ಸಿಂಹಳದ ಕಡೆಗೆ ಸರಿದುಬಿಟ್ಟ. ಆಗಸ್ಟಿನಲ್ಲಿ ಮತ್ತೊಮ್ಮೆ ಕಾಣಿಸಿಕೊಂಡು, ಫ್ರೆಂಚರನ್ನು ನೋಡಿ, ಸೋರುತ್ತಿದ್ದ ಹಡಗೊಂದರ ನೆಪವೊಡ್ಡಿ ಬಂಗಾಳದತ್ತ ಹೊರಟುಹೋದ. ಮದ್ರಾಸು ಬಿದ್ದದ್ದು ನಿಜವಾಗಿ ಆ ದಿನ. ಸೆಪ್ಟೆಂಬರಿನಲ್ಲಿ ನಡೆದದ್ದು ಅದರ ಕಾಗದಪತ್ರದ ಕೆಲಸ.

ಈ ಮಾತಿಗೆ ವಿವರಣೆ ಬೇಕು. ಹಾಯಿ ಹಡಗು ಕೋಟೆಯನ್ನು ಗುಂಡು ಹೊಡೆದು ಕೆಡವುತ್ತದೆ ಎಂಬುದು ಸಿನಿಮಾದ ಕಲ್ಪನೆ. ಹಡಗು ಮರದ್ದು, ಅಲೆಯ ಮೇಲೆ ತೂಗಾಡುತ್ತದೆ, ಗುರಿ ನಿಲ್ಲುವುದಿಲ್ಲ. ಕೋಟೆ ಕಲ್ಲಿನದ್ದು, ಅಲುಗಾಡುವುದಿಲ್ಲ. ನೇರ ಹೋರಾಟದಲ್ಲಿ ಕೋಟೆಗೇ ಮೇಲುಗೈ. ಕೋರಮಂಡಲದಂಥ ಆಳವಿಲ್ಲದ ದಡದಲ್ಲಿ ದೊಡ್ಡ ಹಡಗುಗಳು ಹತ್ತಿರಕ್ಕೂ ಬರಲಾರವು. ನೌಕಾಪಡೆಯ ನಿಜವಾದ ಕೆಲಸ ಎರಡು. ಸೈನಿಕರನ್ನೂ ಭಾರದ ತೋಪುಗಳನ್ನೂ ಶತ್ರು ಕಾಯದ ಜಾಗಕ್ಕೆ ತಂದು ಇಳಿಸುವುದು ಮೊದಲನೆಯದು. ಮುತ್ತಿಗೆಗೆ ಒಳಗಾದವರಿಗೆ ಕಡಲಿನಿಂದ ಯಾರೂ ಸಹಾಯಕ್ಕೆ ಬಾರದಂತೆ ತಡೆಯುವುದು ಎರಡನೆಯದು. ವಸಾಹತು ಬಂದರಿಗೆ ಸೈನಿಕ, ಮದ್ದು, ಹಣ ಎಲ್ಲವೂ ಕಡಲಿನಿಂದಲೇ ಬರಬೇಕು. ತನ್ನ ಹಡಗುಪಡೆ ಕಣ್ಣಿಗೆ ಕಾಣದಷ್ಟು ದೂರ ಹೋಯಿತೆಂದರೆ ಅದು ಶತ್ರುಗಳ ನಡುವೆ ಒಂಟಿ.

ಲಾ ಬೂರ್ದೊನೆ ಮಾಡಿದ್ದು ಇದನ್ನೇ. ಸೆಪ್ಟೆಂಬರ್ ಮಧ್ಯದಲ್ಲಿ ಊರಿನ ದಕ್ಷಿಣಕ್ಕೆ ಪಡೆಗಳನ್ನು ಇಳಿಸಿದ. ಸುಮಾರು 1100 ಯುರೋಪಿಯನ್ನರು, 400 ಆಫ್ರಿಕನ್ನರು, ಯುರೋಪಿನ ಕವಾಯತು ಕಲಿತ 400 ಭಾರತೀಯ ಸಿಪಾಯಿಗಳು. ಹಡಗುಗಳಲ್ಲಿ ಇನ್ನೂ ಸಾವಿರಕ್ಕಿಂತ ಹೆಚ್ಚು ನಾವಿಕರು ಉಳಿದಿದ್ದರು. ಕೋಟೆಯ ಪಶ್ಚಿಮಕ್ಕೆ ಗವರ್ನರನ ವಿಹಾರಕ್ಕೆಂದು ಕಟ್ಟಿದ್ದ ತೋಟದ ಮನೆಯ ಬಳಿ ಮಾರ್ಟರ್ ತೋಪುಗಳನ್ನು ಹೂಡಿ, ಗೋಡೆಯ ಮೇಲಿಂದ ಹಾರಿ ಒಳಗೆ ಬಿದ್ದು ಸಿಡಿಯುವ ಗುಂಡುಗಳನ್ನು ಎಸೆದ. ಕಡಲಿನ ಕಡೆಯಿಂದ ಹಡಗುಗಳೂ ಗುಂಡು ಹಾರಿಸಿದವು, ಅದರಿಂದಾದ ಹಾನಿಗಿಂತ ಗದ್ದಲವೇ ಹೆಚ್ಚು. ಒಳಗಿನ ಸೈನಿಕರಲ್ಲಿ ಕೆಲವರು ಮದ್ಯದ ಉಗ್ರಾಣ ಒಡೆದು ಕುಡಿದು ಬಿದ್ದರು. ಮೂರನೆಯ ದಿನ ಸಂಧಾನದ ಮಾತು ಶುರುವಾಯಿತು.

ನವಾಬ ಎಲ್ಲಿದ್ದ? ಮೋರ್ಸ್ ಈ ಬಾರಿ ತಾನೂ ಆರ್ಕಾಟಿಗೆ ಮೊರೆಯಿಟ್ಟಿದ್ದ. ಆದರೆ ಇಂಗ್ಲಿಷ್ ದೂತ ವಾಡಿಕೆಯ ಕಾಣಿಕೆಯಿಲ್ಲದೆ ಬರಿಗೈಯಲ್ಲಿ ಹೋಗಿದ್ದ ಎಂದು ಇಂಗ್ಲಿಷ್ ಇತಿಹಾಸಕಾರರೇ ಬರೆದಿಟ್ಟಿದ್ದಾರೆ. ಕಂಪನಿಯ ಜಿಪುಣತನಕ್ಕೆ ಇಷ್ಟು ದುಬಾರಿಯಾದ ಉದಾಹರಣೆ ಬೇರೆ ಸಿಗಲಾರದು. ಡೂಪ್ಲೆ ಮಾತ್ರ ನವಾಬನಿಗೆ, ಮದ್ರಾಸನ್ನು ಹಿಡಿದು ನಿಮಗೇ ಒಪ್ಪಿಸುತ್ತೇನೆ ಎಂದು ಮಾತು ಕೊಟ್ಟ.

ಊರು ಕೈಗೆ ಬಂತು. ಈಗ ಅದನ್ನು ಏನು ಮಾಡುವುದು? ಮೂರು ದಾರಿಗಳಿದ್ದವು: ಇಟ್ಟುಕೊಳ್ಳುವುದು, ನೆಲಸಮ ಮಾಡುವುದು, ಹಣ ಪಡೆದು ಬಿಟ್ಟುಕೊಡುವುದು. ಶತ್ರುವಿನ ಯಾವ ನೆಲೆಯನ್ನೂ ಗೆದ್ದು ಇಟ್ಟುಕೊಳ್ಳಕೂಡದು ಎಂದು ಪ್ಯಾರಿಸ್ಸಿನಿಂದ ಲಾ ಬೂರ್ದೊನೆಗೆ ಆಜ್ಞೆಯಿತ್ತು. ಇಟ್ಟುಕೊಂಡರೆ ಕಾಯುವ ಖರ್ಚು ಬೀಳುತ್ತದೆ, ಸಂಧಿಯ ಹೊತ್ತಿಗೆ ಹೇಗಿದ್ದರೂ ಹಿಂದಿರುಗಿಸಬೇಕು ಎಂಬ ಲೆಕ್ಕ. ಅವನು ಮೂರನೆಯ ದಾರಿ ಹಿಡಿದ. ಮೋರ್ಸ್ ಮತ್ತು ಅವನ ಸಭೆ 11 ಲಕ್ಷ ವರಹ ಕೊಡಲು ಒಪ್ಪಿತು. ವಿಜಯನಗರದ ಕಾಲದಿಂದ ದಕ್ಷಿಣದಲ್ಲಿ ಚಲಾವಣೆಯಲ್ಲಿದ್ದ ಚಿನ್ನದ ನಾಣ್ಯವದು, ಯುರೋಪಿಯನ್ನರ ಬಾಯಲ್ಲಿ ಪಗೋಡಾ. ಹಣ ಕಂತುಗಳಲ್ಲಿ ಸಲ್ಲಬೇಕು, ಅಲ್ಲಿಯತನಕ ಒತ್ತೆಯಾಳುಗಳು ಫ್ರೆಂಚರ ಬಳಿ ಇರಬೇಕು ಎಂದು ಕರಾರಾಯಿತು. ಇದರ ಹೊರತಾಗಿ ಒಂದು ಲಕ್ಷ ವರಹ ಲಾ ಬೂರ್ದೊನೆಯ ಸ್ವಂತ ಜೇಬಿಗೆ ಗೊತ್ತಾಗಿತ್ತೆಂಬ ಆರೋಪ ಮುಂದೆ ಅವನ ಬೆನ್ನು ಬಿಡಲಿಲ್ಲ.

ಡೂಪ್ಲೆ ಇದನ್ನು ಒಪ್ಪಲಿಲ್ಲ. ಭಾರತದ ನೆಲಕ್ಕೆ ನಾನು ಅಧಿಕಾರಿ, ನೀನು ಹಡಗಿಗೆ ಮಾತ್ರ ಎಂಬ ಧಾಟಿಯ ಪತ್ರಗಳು ಪುದುಚೇರಿಯಿಂದ ಬಂದವು. ಇಬ್ಬರೂ ಒಂದೇ ಕಂಪನಿಯ ನೌಕರರು, ಇಬ್ಬರ ಬಳಿಯೂ ತಮ್ಮ ತಮ್ಮ ಅಧಿಕಾರಪತ್ರಗಳು. ಇಬ್ಬರಲ್ಲಿ ಯಾರು ಮೇಲು ಎಂದು ಪ್ಯಾರಿಸ್ಸಿಗೆ ಬರೆದು ಕೇಳಿದರೆ ಉತ್ತರ ಬರಲು ವರ್ಷಕ್ಕಿಂತ ಹೆಚ್ಚು ಬೇಕು. ಜಗಳ ವಾರಗಟ್ಟಲೆ ಎಳೆಯಿತು. ಅಷ್ಟರಲ್ಲಿ ಅಕ್ಟೋಬರ್ ಬಂತು.

ಕೋರಮಂಡಲದ ನಾವಿಕರಿಗೆ ಅಕ್ಟೋಬರ್ ಮಧ್ಯವೆಂದರೆ ಲಂಗರು ಎತ್ತಿ ಹೊರಡಬೇಕಾದ ಗಡುವು. ಹಿಂಗಾರು ಮಾರುತ ಈಶಾನ್ಯದಿಂದ ನೇರವಾಗಿ ಈ ದಡದ ಮೇಲೆ ಬೀಸುತ್ತದೆ, ಜೊತೆಗೆ ಚಂಡಮಾರುತಗಳು. ಮರೆಯಿಲ್ಲದ ಕಡಲಿನಲ್ಲಿ ನಿಂತ ಹಾಯಿ ಹಡಗು ದಡಕ್ಕೆ ಬಡಿದು ಪುಡಿಯಾಗುತ್ತದೆ. ಹಾಗಾಗಿ ಪ್ರತಿ ವರ್ಷ ಈ ಹೊತ್ತಿಗೆ ಎಲ್ಲ ಪಡೆಗಳೂ ಸಿಂಹಳದ ತ್ರಿಂಕೋಮಲಿಗೋ ಮುಂಬೈಗೋ ಮಾರಿಷಸ್ಸಿಗೋ ತೆರಳುವುದು ರೂಢಿ. ಲಾ ಬೂರ್ದೊನೆ ಹೊರಡಲಿಲ್ಲ. ಅಕ್ಟೋಬರ್ 13ರ ರಾತ್ರಿ ಎದ್ದ ಬಿರುಗಾಳಿ ಅವನ ಹಡಗುಗಳನ್ನು ಚೆಲ್ಲಾಪಿಲ್ಲಿ ಮಾಡಿತು. ಕೆಲವು ಮುಳುಗಿದವು, ಉಳಿದವುಗಳ ಕೂವೆಮರಗಳು ಮುರಿದವು. ಸತ್ತವರು ಸುಮಾರು 1200 ಮಂದಿ. ಮೂರು ದಿನದ ಮುತ್ತಿಗೆಯಲ್ಲಿ ಸತ್ತವರ ಸಂಖ್ಯೆಯ ಪಕ್ಕದಲ್ಲಿ ಇದನ್ನು ಇಟ್ಟು ನೋಡಬೇಕು. ಅಕ್ಟೋಬರ್ 23ರಂದು ಅವನು ಉಳಿದ ಹಡಗುಗಳೊಂದಿಗೆ ಮದ್ರಾಸು ಬಿಟ್ಟ. ಮತ್ತೆ ಭಾರತದಲ್ಲಿ ಅವನ ಪಾತ್ರವಿಲ್ಲ. ಡಚ್ ಹಡಗಿನಲ್ಲಿ ಯುರೋಪಿಗೆ ಹೋಗುವಾಗ ಇಂಗ್ಲಿಷರಿಗೆ ಸೆರೆ ಸಿಕ್ಕ. ಅವರು ಲಂಡನ್ನಿನಲ್ಲಿ ಮರ್ಯಾದೆಯಿಂದ ನಡೆಸಿಕೊಂಡು ಬಿಟ್ಟುಕೊಟ್ಟರು. ಅವನ ಸ್ವಂತ ಸರ್ಕಾರ ಬಾಸ್ಟೀಲ್ ಸೆರೆಮನೆಗೆ ಹಾಕಿತು. 1751ರಲ್ಲಿ ನಿರಪರಾಧಿ ಎಂದು ಹೊರಬಂದವನು 1753ರಲ್ಲಿ ತೀರಿಕೊಂಡ.

ಅವನು ಹೋದ ಮೇಲೆ ಡೂಪ್ಲೆಗೆ ಅಡ್ಡಿಯಿಲ್ಲದಾಯಿತು. ನವಾಬನಿಗೆ ಕೊಟ್ಟ ಮಾತನ್ನು ನಡೆಸಲಿಲ್ಲ. ಕೆರಳಿದ ಅನ್ವರುದ್ದೀನ್ ತನ್ನ ಮಗ ಮಹಫೂಜ್ ಖಾನನನ್ನು ಹತ್ತು ಸಾವಿರದಷ್ಟು ಸೈನ್ಯದೊಂದಿಗೆ ಕಳುಹಿಸಿದ. ನವೆಂಬರ್ 4ರಂದು ಅಡ್ಯಾರು ನದಿಯ ದಂಡೆಯಲ್ಲಿ, ಪುದುಚೇರಿಯಿಂದ ಬಂದ ಪಾರಾಡಿ ಎಂಬ ಸ್ವಿಸ್ ಮೂಲದ ಅಧಿಕಾರಿ ಸಾವಿರದಷ್ಟೇ ಸೈನಿಕರೊಂದಿಗೆ, ಅದರಲ್ಲೂ ಹೆಚ್ಚಿನವರು ಭಾರತೀಯ ಸಿಪಾಯಿಗಳೇ, ನದಿ ದಾಟಿ ಆ ಸೈನ್ಯವನ್ನು ಚದುರಿಸಿದ. ಸಾಲುಗಟ್ಟಿ ನಿಂತು ಒಂದೇ ಸಮನೆ ಗುಂಡು ಹಾರಿಸುವ ಸಣ್ಣ ಕಾಲಾಳು ಪಡೆ ದೊಡ್ಡ ಅಶ್ವಸೈನ್ಯವನ್ನು ಓಡಿಸಬಲ್ಲದು ಎಂಬುದು ಅಂದು ಎಲ್ಲರಿಗೂ ಗೊತ್ತಾಯಿತು. ಒಂದು ವರ್ಷದ ಹಿಂದೆ ನವಾಬನ ಆಜ್ಞೆಗೆ ತಲೆಬಾಗಿದ್ದವರು ಮುಂದೆ ನವಾಬರನ್ನು ಕೂರಿಸುವ, ಇಳಿಸುವ ಆಟಕ್ಕೆ ಕೈ ಹಾಕಿದರು. ಕಡಲ ದಡದ ಒಂದು ಕೊಳ್ಳೆಯಿಂದ ಶುರುವಾದ ವಿಷಯ ಒಳನಾಡಿನ ರಾಜಕೀಯವನ್ನು ಮುಟ್ಟಿದ್ದು ಇಲ್ಲಿ.

ಅದೇ ನವೆಂಬರಿನಲ್ಲಿ ಡೂಪ್ಲೆ ಬಿಡುಗಡೆ ಹಣದ ಕರಾರು ರದ್ದಾಗಿದೆ ಎಂದು ಸಾರಿದ. ಇಂಗ್ಲಿಷರ ಸ್ವತ್ತು ಜಪ್ತಿಯಾಯಿತು. ಮೋರ್ಸ್ ಮತ್ತಿತರರನ್ನು ಪುದುಚೇರಿಗೆ ಒಯ್ದು ಜನರ ಮುಂದೆ ಮೆರವಣಿಗೆ ಮಾಡಿದರು. ಕರಾರನ್ನು ಫ್ರೆಂಚರೇ ಮುರಿದ ಮೇಲೆ ಓಡಿಹೋಗುವುದಿಲ್ಲ ಎಂದು ಕೊಟ್ಟ ವಚನ ತಮ್ಮನ್ನು ಕಟ್ಟಿಹಾಕುವುದಿಲ್ಲ ಎಂದುಕೊಂಡ ಕೆಲವರು ವೇಷ ಮರೆಸಿಕೊಂಡು ಕಡಲೂರಿನ ಸೇಂಟ್ ಡೇವಿಡ್ ಕೋಟೆಗೆ ತಪ್ಪಿಸಿಕೊಂಡರು. ಅವರಲ್ಲಿ 21 ವರ್ಷದ ಒಬ್ಬ ಗುಮಾಸ್ತನೂ ಇದ್ದ, ಹೆಸರು ರಾಬರ್ಟ್ ಕ್ಲೈವ್. ಮರುವರ್ಷ ಅವನು ಲೇಖನಿ ಬಿಟ್ಟು ಸೈನ್ಯ ಸೇರಿದ.

ಊರಿನವರ ಗತಿ ಏನಾಯಿತು ಎಂಬುದನ್ನು ಯುದ್ಧದ ಇತಿಹಾಸಗಳು ಒಂದೆರಡು ಸಾಲಿನಲ್ಲಿ ಮುಗಿಸುತ್ತವೆ. ಮದ್ರಾಸಿನ ಸಂಪತ್ತು ಇದ್ದದ್ದು ಇಂಗ್ಲಿಷರಲ್ಲಿ ಮಾತ್ರವಲ್ಲ, ತೆಲುಗು ಮತ್ತು ತಮಿಳು ವರ್ತಕರಲ್ಲಿ, ಆರ್ಮೇನಿಯನ್ನರಲ್ಲಿ, ಬಟ್ಟೆಗೆ ಮುಂಗಡ ಕೊಡುವ ಸಾಹುಕಾರರಲ್ಲಿ. ಡೂಪ್ಲೆಗೆ ಬೇಕಿದ್ದದ್ದು ಇವರೇ. ಇವರು ಪುದುಚೇರಿಗೆ ಬಂದು ನೆಲೆಸಿದರೆ ನೇಕಾರರೂ ವ್ಯಾಪಾರವೂ ಹಿಂದೆಯೇ ಬರುತ್ತವೆ, ಮದ್ರಾಸು ತಾನಾಗಿ ಒಣಗುತ್ತದೆ. ಅಡ್ಯಾರಿನ ಬಳಿ 1726ರಲ್ಲಿ ಸ್ವಂತ ಹಣದಿಂದ ಸೇತುವೆ ಕಟ್ಟಿಸಿದ್ದ ಆರ್ಮೇನಿಯನ್ ವರ್ತಕ ಕೋಜಾ ಪೆಟ್ರಸ್ ಉಸ್ಕಾನ್ ಹೋಗಲು ಒಪ್ಪಲಿಲ್ಲ, ತನ್ನ ಸ್ವತ್ತನ್ನು ಕಳೆದುಕೊಂಡ. ಕೋಟೆಗೋಡೆಗೆ ಅಂಟಿಕೊಂಡಿದ್ದ ಕರಿಯ ಪಟ್ಟಣದ ಒಂದು ಭಾಗವನ್ನು, ಗುಂಡು ಹಾರಿಸಲು ಬಯಲು ಬೇಕೆಂದು, ಫ್ರೆಂಚರು ಕೆಡವಿಸಿದರು. ಉಳಿದದ್ದನ್ನು ಮುಂದೆ ಇಂಗ್ಲಿಷರೇ ಅದೇ ಕಾರಣಕ್ಕೆ ಕೆಡವಿದರು. ಇಂದು ಮದ್ರಾಸ್ ಹೈಕೋರ್ಟ್ ನಿಂತಿರುವ ಜಾಗ ಆ ಹಳೆಯ ಬಸ್ತಿಯದ್ದು.

ಇಂಗ್ಲಿಷರು ಸುಮ್ಮನಿರಲಿಲ್ಲ. 1748ರಲ್ಲಿ ಅಡ್ಮಿರಲ್ ಬೋಸ್ಕವೆನ್ ಭಾರಿ ಪಡೆಯೊಂದಿಗೆ ಬಂದು ಪುದುಚೇರಿಗೆ ಮುತ್ತಿಗೆ ಹಾಕಿದ. ಅವನ ಹಡಗುಗಳು ದೂರದಿಂದ ಹಾರಿಸಿದ ಗುಂಡುಗಳು ಬಹುತೇಕ ವ್ಯರ್ಥವಾದವು. ದಡದಲ್ಲಿ ಕಾಯಿಲೆ ಹರಡಿತು. ಮತ್ತೆ ಅದೇ ಅಕ್ಟೋಬರ್ ಹತ್ತಿರ ಬಂತು. ಸಾವಿರಕ್ಕೂ ಹೆಚ್ಚು ಜನರನ್ನು ಕಳೆದುಕೊಂಡು ಮುತ್ತಿಗೆ ತೆಗೆದ. ಆ ಅಕ್ಟೋಬರಿನಲ್ಲೇ ಯುರೋಪಿನ ಎಕ್ಸ್‌ಲಾಶಪೆಲ್ ಎಂಬಲ್ಲಿ ಸಂಧಿಗೆ ಸಹಿ ಬಿತ್ತು. ಅಟ್ಲಾಂಟಿಕ್ ದಡದ ಲೂಯಿಬರ್ಗ್ ಕೋಟೆಯನ್ನು ಅಮೆರಿಕದ ಇಂಗ್ಲಿಷ್ ವಸಾಹತಿಗರು 1745ರಲ್ಲಿ ಫ್ರೆಂಚರಿಂದ ಗೆದ್ದಿದ್ದರು. ಅದನ್ನು ಫ್ರಾನ್ಸಿಗೆ ಮರಳಿಸಿ, ಬದಲಿಗೆ ಮದ್ರಾಸನ್ನು ಹಿಂಪಡೆಯಲು ಬ್ರಿಟನ್ ಒಪ್ಪಿತು. ಒತ್ತೆಯಿಟ್ಟ ಒಡವೆಗಳನ್ನು ಬಿಡಿಸಿಕೊಳ್ಳುವಂತೆ ರಾಜಧಾನಿಗಳು ಲೆಕ್ಕ ಚುಕ್ತಾ ಮಾಡಿಕೊಂಡವು. ಪ್ರಾಣ ಕೊಟ್ಟು ಲೂಯಿಬರ್ಗ್ ಗೆದ್ದಿದ್ದ ನ್ಯೂ ಇಂಗ್ಲೆಂಡಿನ ಜನ ಹೆಸರೇ ಕೇಳಿರದ ಊರಿಗಾಗಿ ತಮ್ಮ ಗೆಲುವನ್ನು ಮಾರಿದರೆಂದು ಸಿಟ್ಟಾದರು. ಸಿಟ್ಟಿಗೆ ಕಾರಣವಿತ್ತು.

ಹಿಂದೆಯೂ ಹೀಗೆ ಆಗಿತ್ತು. 1693ರಲ್ಲಿ ಡಚ್ಚರು ಪುದುಚೇರಿಯನ್ನು ಗೆದ್ದು, ಯುರೋಪಿನಲ್ಲಾದ ಸಂಧಿಯ ಪ್ರಕಾರ ಕೆಲ ವರ್ಷಗಳಲ್ಲಿ ಹಿಂದಿರುಗಿಸಿದ್ದರು. ಗೆಲುವು ಶಾಶ್ವತವಲ್ಲ ಎಂದು ಎಲ್ಲರಿಗೂ ತಿಳಿದಿದ್ದರಿಂದಲೇ ಕೈಗೆ ಸಿಕ್ಕಷ್ಟು ದಿನದಲ್ಲಿ ಹಿಂಡಿಕೊಳ್ಳುವ ಆತುರ ಅಷ್ಟಿತ್ತು.

ಎಲ್ಲ ದಾಳಿಗಳೂ ಮದ್ರಾಸಿನಂತೆ ಸಲೀಸಾಗಲಿಲ್ಲ. 1741ರಲ್ಲಿ ಅಡ್ಮಿರಲ್ ವರ್ನನ್ ಈಗಿನ ಕೊಲಂಬಿಯದಲ್ಲಿರುವ ಕಾರ್ಟಜೀನ ಎಂಬ ಸ್ಪ್ಯಾನಿಷ್ ಬಂದರಿನ ಮೇಲೆ ಅತಿ ದೊಡ್ಡ ಪಡೆಯೊಂದಿಗೆ ಎರಗಿ, ಜ್ವರಕ್ಕೆ ಸಾವಿರಾರು ಜನರನ್ನು ಬಲಿಕೊಟ್ಟು ಹಿಂದಿರುಗಿದ. ಅವನ ಮುಂದೆ ಸ್ಪೇನಿನ ಸೇನಾಪತಿ ಬ್ಲಾಸ್ ದ ಲೆಸೊ ಮಂಡಿಯೂರಿದಂತೆ ಚಿತ್ರಿಸಿದ ಪದಕಗಳು ಸೋಲಿನ ಸುದ್ದಿ ಬರುವ ಮೊದಲೇ ಇಂಗ್ಲೆಂಡಿನಲ್ಲಿ ಅಚ್ಚಾಗಿ ಮಾರಾಟವಾಗಿದ್ದವು! 1762ರಲ್ಲಿ ಹವಾನಾ ಎರಡು ತಿಂಗಳ ಮುತ್ತಿಗೆಯ ನಂತರ ಬಿತ್ತು. ಅಲ್ಲಿ ಗುಂಡಿಗಿಂತ ಎಷ್ಟೋ ಪಾಲು ಹೆಚ್ಚು ಬ್ರಿಟಿಷರನ್ನು ಕೊಂದದ್ದು ಹಳದಿ ಜ್ವರ. ಕೊಳ್ಳೆ ಹಂಚುವಾಗ ಸೇನಾಪತಿಗೂ ಅಡ್ಮಿರಲ್‌ಗೂ ತಲಾ ಸುಮಾರು 1,22,000 ಪೌಂಡ್ ಬಂತು, ಬದುಕುಳಿದ ಸಾಮಾನ್ಯ ಸೈನಿಕನಿಗೆ ನಾಲ್ಕು ಪೌಂಡಿನಷ್ಟು. ಮರುವರ್ಷ ಹವಾನಾ ಸ್ಪೇನಿಗೆ ಮರಳಿತು, ಬದಲಿಗೆ ಬ್ರಿಟನ್ನಿಗೆ ಫ್ಲಾರಿಡಾ ಸಿಕ್ಕಿತು.

ಅದೇ 1762ರಲ್ಲಿ ಮದ್ರಾಸು ಬೇಟೆಯಿಂದ ಬೇಟೆಗಾರನಾಗಿತ್ತು. ಸ್ಪೇನಿನೊಂದಿಗೆ ಯುದ್ಧ ಸಾರಿದ ಸುದ್ದಿ ಬಂದದ್ದೇ ತಡ, ಬ್ರಿಗೇಡಿಯರ್ ಡ್ರೇಪರ್ ಮತ್ತು ಅಡ್ಮಿರಲ್ ಕಾರ್ನಿಶ್ ಮದ್ರಾಸಿನಿಂದಲೇ ಪಡೆ ಕಟ್ಟಿಕೊಂಡು ಮನಿಲಾಕ್ಕೆ ಹೊರಟರು. ಅದರಲ್ಲಿ ಬ್ರಿಟಿಷ್ ಸೈನಿಕರ ಜೊತೆಗೆ ಸಿಪಾಯಿಗಳು, ಲಸ್ಕರುಗಳು, ಆಫ್ರಿಕನ್ನರು, ಸೆರೆ ಸಿಕ್ಕು ಪಕ್ಷ ಬದಲಿಸಿದ ಫ್ರೆಂಚರು ಎಲ್ಲರೂ ಇದ್ದರು. ಸೆಪ್ಟೆಂಬರ್ ಕೊನೆಯಲ್ಲಿ ಮನಿಲಾ ಕೊಲ್ಲಿಯಲ್ಲಿ ಅವರ ಹಡಗುಗಳು ಕಂಡಾಗ ಅಲ್ಲಿನ ಹಂಗಾಮಿ ಗವರ್ನರ್ ಆಗಿದ್ದ ಆರ್ಚ್‌ಬಿಷಪ್ ರೋಹೊಗೆ ಯುದ್ಧ ಶುರುವಾಗಿದೆ ಎಂಬ ಅಧಿಕೃತ ಸುದ್ದಿಯೇ ತಲುಪಿರಲಿಲ್ಲ. ಎರಡೇ ವಾರದಲ್ಲಿ ಊರು ಬಿತ್ತು. ಬಿಡುಗಡೆ ಹಣ 40 ಲಕ್ಷ ಬೆಳ್ಳಿ ಪೆಸೊ ಎಂದು ನಿಗದಿಯಾಯಿತು. ಅದರಲ್ಲಿ ಅರ್ಧಕ್ಕೆ ಮ್ಯಾಡ್ರಿಡ್ಡಿನ ಖಜಾನೆಯ ಮೇಲೆ ಹುಂಡಿ ಬರೆದುಕೊಟ್ಟರು. ಸ್ಪೇನಿನ ದೊರೆ ಅದನ್ನು ಕೊನೆಗೂ ತೀರಿಸಲಿಲ್ಲ. ಮನಿಲಾ ಗೆದ್ದ ಸುದ್ದಿ ಯುರೋಪಿಗೆ ಮುಟ್ಟುವ ಹೊತ್ತಿಗೆ ಸಂಧಿಯ ಮಾತು ಮುಗಿದಿತ್ತು, ಹಾಗಾಗಿ ಊರನ್ನು ಸುಮ್ಮನೆ ಬಿಟ್ಟುಕೊಡಬೇಕಾಯಿತು. 1764ರಲ್ಲಿ ಪಡೆ ಹಿಂದಿರುಗಿದಾಗ ಕೆಲವು ಸಿಪಾಯಿಗಳು ಹಡಗು ಹತ್ತಲಿಲ್ಲ. ಮನಿಲಾದ ಬಳಿಯ ಕೈಂತಾ ಎಂಬಲ್ಲಿ ಮದುವೆಯಾಗಿ ನೆಲೆಸಿದರು. ಅವರ ವಂಶದವರು ಈಗಲೂ ಅಲ್ಲಿದ್ದಾರೆ.

ನಮ್ಮ ಕರಾವಳಿಗೂ ಈ ಕಥೆಯ ಎಳೆಗಳು ಬಂದಿವೆ. ಹದಿನೇಳನೆಯ ಶತಮಾನದ ಮಧ್ಯದಲ್ಲಿ ಡಚ್ಚರು ಸಿಂಹಳದಲ್ಲಿ ಪೋರ್ಚುಗೀಸರನ್ನು ಹಣ್ಣುಮಾಡುತ್ತಿದ್ದರು, ಗೋವಾದ ಬಾಯಿಗೆ ಹಡಗುಗಳನ್ನು ತಂದು ನಿಲ್ಲಿಸಿ ದಿಗ್ಬಂಧನವನ್ನೂ ಹಾಕಿದ್ದರು. ದುರ್ಬಲರಾದ ಪೋರ್ಚುಗೀಸರಿಗೆ ಕೆನರಾದ ಕೋಟೆಗಳನ್ನು ಕಾಯಲು ಜನವೂ ಇರಲಿಲ್ಲ, ಹಡಗೂ ಇರಲಿಲ್ಲ. ಕೆಳದಿಯ ಶಿವಪ್ಪನಾಯಕ 1650ರ ದಶಕದ ಮೊದಲ ವರ್ಷಗಳಲ್ಲಿ ಗಂಗೊಳ್ಳಿ, ಬಸರೂರು, ಹೊನ್ನಾವರ, ಮಂಗಳೂರುಗಳಿಂದ ಅವರನ್ನು ಎಬ್ಬಿಸಿದ್ದು ಈ ಹೊತ್ತಿನಲ್ಲೇ. ಯುರೋಪಿಯನ್ನರ ಜಗಳವನ್ನು ಭಾರತದ ಅರಸನೊಬ್ಬ ತನ್ನ ಲಾಭಕ್ಕೆ ಬಳಸಿಕೊಂಡದ್ದಕ್ಕೆ ಇಷ್ಟು ಚೊಕ್ಕಟವಾದ ನಿದರ್ಶನ ವಿರಳ.

ಹೈದರ್ ಅಲಿಗೆ ಅಷ್ಟು ಅದೃಷ್ಟವಿರಲಿಲ್ಲ. ಇಂಗ್ಲಿಷರನ್ನು ನೆಲದ ಮೇಲೆ ಎಷ್ಟು ಸೋಲಿಸಿದರೂ ಕಡಲು ಅವರ ಕೈಯಲ್ಲಿರುವ ತನಕ ಮದ್ರಾಸು ಬೀಳುವುದಿಲ್ಲ ಎಂಬುದನ್ನು ಅವನು ಬೇರೆ ಯಾರಿಗಿಂತಲೂ ಚೆನ್ನಾಗಿ ಅರಿತಿದ್ದ. 1782ರಲ್ಲಿ ಫ್ರೆಂಚ್ ಅಡ್ಮಿರಲ್ ಸಫ್ರೆನ್ ಬಂದಾಗ ಆ ಕೊರತೆ ನೀಗುವಂತೆ ಕಂಡಿತು. ಜುಲೈನಲ್ಲಿ ಇಬ್ಬರೂ ಕಡಲೂರಿನ ಬಳಿ ಭೇಟಿಯಾದರು. ಆಗಸ್ಟ್ ಕೊನೆಗೆ ಸಫ್ರೆನ್ ತ್ರಿಂಕೋಮಲಿಯನ್ನು ಗೆದ್ದ. ಆದರೆ ಹಿಂಗಾರು ಹತ್ತಿರವಾದಾಗ ಅವನ ಪಡೆ ಸುಮಾತ್ರಾ ದ್ವೀಪದ ಅಚೆ ಎಂಬ ಬಂದರಿಗೆ ಹೋಯಿತು. ಅದು ಮರಳುವ ಮೊದಲೇ, ಡಿಸೆಂಬರ್ 7ರಂದು, ಹೈದರ್ ತೀರಿಕೊಂಡ.

1783ರ ಜನವರಿ 20ರಂದು ಯುರೋಪಿನಲ್ಲಿ ಫ್ರಾನ್ಸ್ ಮತ್ತು ಬ್ರಿಟನ್ ಪ್ರಾಥಮಿಕ ಸಂಧಿಗೆ ಸಹಿ ಹಾಕಿದವು. ಅದು ಗೊತ್ತಿಲ್ಲದೆ ಜೂನ್ 20ರಂದು ಕಡಲೂರಿನ ಎದುರು ಎರಡೂ ಪಡೆಗಳು ಕಾದಾಡಿ ನೂರಾರು ಜನ ಸತ್ತರು, ಗಾಯಗೊಂಡರು. ಶಾಂತಿಯ ಸುದ್ದಿ ಹೊತ್ತ ಹಡಗು ಬಂದದ್ದು ಅದಾಗಿ ಹತ್ತು ದಿನದೊಳಗೆ. ಆ ಹೊತ್ತಿಗೆ ಟಿಪ್ಪು ಸುಲ್ತಾನ ಪಶ್ಚಿಮ ಕರಾವಳಿಯಲ್ಲಿ, ಇಂಗ್ಲಿಷರು ಹಿಡಿದಿದ್ದ ಮಂಗಳೂರು ಕೋಟೆಗೆ ಮುತ್ತಿಗೆ ಹಾಕಿದ್ದ, ಅವನ ಕಂದಕಗಳಲ್ಲಿ ಕೊಸಿನಿಯ ನಾಯಕತ್ವದ ಫ್ರೆಂಚ್ ತುಕಡಿಯೂ ಇತ್ತು. ನಮ್ಮ ದೊರೆಗಳು ರಾಜಿಯಾಗಿದ್ದಾರೆ, ಇನ್ನು ನಾವು ಹೋರಾಡುವಂತಿಲ್ಲ ಎಂದು ಆ ತುಕಡಿ ಜುಲೈನಲ್ಲಿ ಹಿಂದೆ ಸರಿಯಿತು. ಟಿಪ್ಪು ಕೋಪದಿಂದ ಕುದಿದ. ನಂತರ ಕದನವಿರಾಮವಾಯಿತು, ಕೋಟೆಯೊಳಗೆ ಹಸಿವು ಮತ್ತು ಕಾಯಿಲೆ ಹೆಚ್ಚಿದವು. 1784ರ ಜನವರಿ ಕೊನೆಗೆ ಇಂಗ್ಲಿಷ್ ದಳಪತಿ ಕ್ಯಾಂಪ್‌ಬೆಲ್ ಕೋಟೆಯನ್ನು ಬಿಟ್ಟುಕೊಟ್ಟ, ಮಾರ್ಚ್ 11ರಂದು ಅಲ್ಲಿಯೇ ಇಂಗ್ಲಿಷರಿಗೂ ಟಿಪ್ಪುವಿಗೂ ಒಪ್ಪಂದವಾಯಿತು. ಅದರಲ್ಲಿ ಫ್ರೆಂಚರ ಸಹಿ ಇರಲಿಲ್ಲ.